ತೆಂಗಿನಕಾಯಿ ನಿಲ್ಲಿಸಿ ಟಗರಿನ ಒಪ್ಪಿಗೆ ಕೇಳುವ ಬಗ್ಗೆ

ಪ್ರಾಣಿ ಮನೋಗತ ಸಂಗ್ರಹಣಾ ಶಾಖೆ, ರಾಯಚೂರು
ಸಂಖ್ಯೆ: ಪ್ರಾಮಸಂ/ಕಾಯಿ/ಟಗರು-1/2025-26
ದಿನಾಂಕ: 09-05-2025

ಸುತ್ತೋಲೆ

ವಿಷಯ: ರಾಯಚೂರು ನಗರ, ದೇವದುರ್ಗ ಮತ್ತು ಮಾನ್ವಿಯಲ್ಲಿ ಸಾಕುಪ್ರಾಣಿಗಳ ಮನಸ್ಸಿನ ಮಾತನ್ನು ಬೋರ್‌ವೆಲ್ ಪಾಯಿಂಟ್ ನೋಡುವ ವಿಧಾನದಿಂದ ತಿಳಿಯುವ ಕುರಿತು.

ಉಲ್ಲೇಖ:
1. ಅರಕೇರಾದ ಯಂಕಮ್ಮ ಅವರ ಮೌಖಿಕ ಅರ್ಜಿ (ಅಳುತ್ತಾ ಸಲ್ಲಿಸಿದ್ದು).
2. ಅವರ ಮಗ ನಿಂಗರಾಜ ಅವರ ತಕರಾರು (ಕೂಗುತ್ತಾ ಸಲ್ಲಿಸಿದ್ದು).
3. ದೇವದುರ್ಗದ ಉಪಶಾಖೆ ಆವರಣದಲ್ಲಿ ದಿನಾಂಕ 02-05-2025ರಂದು ನಡೆದ ವಿಚಾರಣೆಯ ನಡವಳಿ.

ಯಂಕಮ್ಮ ಅವರು ತಾಯಿ ಸತ್ತ ಕುರಿಮರಿಯೊಂದನ್ನು ಸಾಕಿ, ಅದಕ್ಕೆ ‘ದೊರಿ’ ಎಂದು ಹೆಸರಿಟ್ಟಿದ್ದು, ಸದರಿ ಮರಿ ಈಗ ಬಾಗಿಲಲ್ಲಿ ಹಿಡಿಸದಷ್ಟು ದೊಡ್ಡ ಟಗರಾಗಿರುತ್ತದೆ. ನಿಂಗರಾಜನ ಮದುವೆ ಕುರ್ಡಿಯ ಮಲ್ಲೇಶ್ವರಿ ಅವರೊಂದಿಗೆ ನೆರವೇರಿದ್ದು, ಬೀಗರ ಊಟ ಇದೇ ತಿಂಗಳ 18ಕ್ಕೆ ನಿಗದಿಯಾಗಿದೆ. ಅಂದು ದೊರಿಯನ್ನೇ ಕೊಯ್ಯುವುದೆಂದು ನಿಂಗರಾಜ ಬೀಗರಿಗೆ ಮಾತು ಕೊಟ್ಟು ಕುಳಿತಿದ್ದಾನೆ. ಇದನ್ನು ತಿಳಿದ ಅರ್ಜಿದಾರರು ಟಗರಿನ ಹಗ್ಗ ಹಿಡಿದುಕೊಂಡು ನೇರವಾಗಿ ಉಪಶಾಖೆಗೆ ಬಂದು, ಇನ್‌ಸ್ಪೆಕ್ಟರ್ ಕನಕರಾಜ ಅವರ ಮುಂದೆ ಹೇಳಿದ್ದು ಯಥಾವತ್ತಾಗಿ ಹೀಗಿದೆ: “ಬಾಟ್ಲಿ ಹಾಲು ಕುಡಿಸಿ ಬೆಳಸೀನ್ರೀ ಸಾಹೇಬ್ರ. ಮಗನ್ನ ಕರದ್ರ ತಿರುಗಿ ನೋಡಂಗಿಲ್ಲ, ಇದು ಓಡಿ ಬರ್ತದ. ಕೊಯ್ಯಾಕ ಹೊಂಟಾರ, ಅದನ್ನೊಂದು ಮಾತು ಕೇಳ್ಯಾರೇನು?”

ಟಗರನ್ನು ಒಂದು ಮಾತು ಕೇಳುವುದಕ್ಕೆ ನಿಯಮಗಳಲ್ಲಿ ಅಡ್ಡಿ ಕಂಡುಬಂದಿಲ್ಲ. ಅವಕಾಶವೂ ಕಂಡುಬಂದಿಲ್ಲ. ಆದ್ದರಿಂದ ಕೇಳಲಾಯಿತು. ಹೊಲಗಳಲ್ಲಿ ಪಾಯಿಂಟ್ ನೋಡುವ ಹನುಮಂತ್ರಾಯ ಅವರನ್ನು ಕರೆಸಿಕೊಳ್ಳಲಾಯಿತು. ನೆಲದಡಿ ನೀರಿದ್ದರೆ ಅವರ ಅಂಗೈ ಮೇಲೆ ಅಡ್ಡ ಮಲಗಿಸಿದ ತೆಂಗಿನಕಾಯಿ ಎದ್ದು ನಿಲ್ಲುತ್ತದೆ. ಪ್ರಾಣಿಯ ಮನಸ್ಸಿನಲ್ಲಿ ‘ಹೌದು’ ಎಂದಿದ್ದರೂ ನಿಲ್ಲುತ್ತದೆ ಎಂಬುದು ಅವರ ಹೇಳಿಕೆ. ಈ ಸುದ್ದಿ ಹಬ್ಬಿದ್ದೇ ತಡ, ಮೂರೂ ಕಡೆ ಜನ ತಮ್ಮ ನಾಯಿ, ಬೆಕ್ಕು, ಕೋಳಿಗಳ ಮುಂದೆ ಕಾಯಿ ಹಿಡಿದು ನಿಂತಿರುವುದರಿಂದ, ಈ ಕೆಳಕಂಡಂತೆ ಕಟ್ಟುನಿಟ್ಟಾಗಿ ಪಾಲಿಸಲು ಎಲ್ಲರಿಗೂ ತಿಳಿಯಪಡಿಸಲಾಗಿದೆ.

1. ಜುಟ್ಟಿರುವ ಕಾಯಿಯನ್ನು ಮಾತ್ರ ಬಳಸತಕ್ಕದ್ದು. ಕಾಯಿ ಸಿಗದಿದ್ದಲ್ಲಿ ದಾರಕ್ಕೆ ಕೀಲಿಕೈ ಕಟ್ಟಿ ತೂಗಾಡಿಸಬಹುದು. ಆದರೆ ಕಚೇರಿ ಅಲ್ಮೇರಾದ ಕೀಲಿಕೈ ಬಳಸತಕ್ಕದ್ದಲ್ಲ. ಯಾರದೋ ಮೊಲದ ಮುಂದೆ ಈಗ ತೂಗಾಡುತ್ತಿರುವ ಕೀಲಿಕೈಯನ್ನು ಇಂದು ಸಂಜೆಯೊಳಗೆ ತಂದೊಪ್ಪಿಸತಕ್ಕದ್ದು. ಹಾಜರಿ ಪುಸ್ತಕ ಅಲ್ಮೇರಾದ ಒಳಗೇ ಉಳಿದಿದೆ.

2. ಹೌದು ಅಥವಾ ಇಲ್ಲ ಎನ್ನಬಹುದಾದ ಪ್ರಶ್ನೆಯನ್ನಷ್ಟೇ ಕೇಳತಕ್ಕದ್ದು. “ನಾನೇನು ಕಡಿಮಿ ಮಾಡೀನಿ ನಿನಗ?” ಎಂಬ ಮಾದರಿಯ ಪ್ರಶ್ನೆಗಳಿಗೆ ಕಾಯಿ ಹೊಣೆಯಲ್ಲ.

3. ಪ್ರಾಣಿಯನ್ನು ಮನೆಯಲ್ಲಿ ಯಾವ ಭಾಷೆಯಲ್ಲಿ ಬೈಯಲಾಗುತ್ತದೆಯೋ ಅದೇ ಭಾಷೆಯಲ್ಲಿ ವಿಚಾರಿಸತಕ್ಕದ್ದು. ರಾಯಚೂರಿನ ಸರ್ವರಿ ಬೇಗಂ ಅವರ ಬೆಕ್ಕನ್ನು ಆಡಳಿತ ಕನ್ನಡದಲ್ಲಿ ಪ್ರಶ್ನಿಸಿದಾಗ ಅದು ಎದ್ದು ಹೋಗಿದ್ದು, ದಖ್ಖನಿ ಉರ್ದುವಿನಲ್ಲಿ ಕರೆದಾಗ ಕನಿಷ್ಠ ತಿರುಗಿ ನೋಡಿರುತ್ತದೆ.

4. ಬೆಕ್ಕು ಉತ್ತರಿಸದಿದ್ದಲ್ಲಿ ‘ಹಾಜರಿದ್ದು, ಆಸಕ್ತಿಯಿಲ್ಲ’ ಎಂದು ನಮೂದಿಸತಕ್ಕದ್ದು. ಇದೇ ಸೌಲಭ್ಯ ತಮಗೂ ಬೇಕೆಂದು ಸಿಬ್ಬಂದಿ ಸಲ್ಲಿಸಿರುವ ಮನವಿಯನ್ನು ತಿರಸ್ಕರಿಸಲಾಗಿದೆ.

5. ಗಿಳಿ ಬಾಯಿಬಿಟ್ಟು ಒಂದು ಹೇಳಿ, ಕಾಯಿ ಇನ್ನೊಂದು ಹೇಳಿದಲ್ಲಿ ಕಾಯಿಯ ಮಾತೇ ಅಂತಿಮ. ಗಿಳಿಗೆ ಮೇಲ್ಮನವಿಯ ಹಕ್ಕಿರುವುದಿಲ್ಲ.

6. ವಿಚಾರಣೆಗೆ ಮುನ್ನ ಜಾಗವನ್ನು ಪರಿಶೀಲಿಸತಕ್ಕದ್ದು. ಈ ಕಲಮಿನ ಅಗತ್ಯ ಬಿದ್ದದ್ದು ಹೇಗೆಂದರೆ, ದೊರಿಯು ಅಂದು ಬೆಳಿಗ್ಗೆ ಕಾಂಪೌಂಡ್ ಗೋಡೆಯ ಬದಿ ಮಲಗಿದ್ದು ನಾಲ್ವರು ಎಳೆದರೂ ಏಳಲಿಲ್ಲ. ಆದ್ದರಿಂದ ಅಲ್ಲಿಯೇ ವಿಚಾರಣೆ ನಡೆಸಲಾಯಿತು. ಯಂಕಮ್ಮನ ಬಳಿಯೇ ಇರಲು ಇಷ್ಟವೇ ಎಂದು ಕೇಳಿದಾಗ ಕಾಯಿ ನಿಂತಿತು. ಅರ್ಜಿದಾರರು ಕೈಮುಗಿದರು. “ನನ್ನ ಕಡಿಂದೂ ಕೇಳ್ರಿ ಮತ್ತ, ಬೀಗರ ಮುಂದ ನನ್ನ ಮಾತು ಹೋಗ್ತದ” ಎಂದು ನಿಂಗರಾಜ ಪಟ್ಟು ಹಿಡಿದದ್ದರಿಂದ, ಊಟಕ್ಕಾಗಿ ಪ್ರಾಣ ಕೊಡಲು ಒಪ್ಪಿಗೆಯೇ ಎಂದು ಕೇಳಲಾಯಿತು. ಕಾಯಿ ಮೊದಲಿಗಿಂತ ನೆಟ್ಟಗೆ ನಿಂತಿತು. ಅರ್ಜಿದಾರರು ಟಗರಿನ ಕೊರಳನ್ನು ತಬ್ಬಿಕೊಂಡರು. “ಹಂಗ ಅನ್ನಂಗಿಲ್ಲ ಯಪ್ಪಾ ಅದು, ನನ್ನ ಕೂಸು ಹಂಗ ಅನ್ನಂಗಿಲ್ಲ” ಎಂದಷ್ಟೇ ಹೇಳುತ್ತಿದ್ದರು. ಸದರಿ ದೃಶ್ಯ ಹಾಜರಿದ್ದ ಸಿಬ್ಬಂದಿಗೆ ನೋಡಲಾಗದಂತಿತ್ತು ಎಂದು ನಡವಳಿಯಲ್ಲಿಯೇ ದಾಖಲಾಗಿದೆ.

7. ಅನುಮಾನಗೊಂಡ ಇನ್‌ಸ್ಪೆಕ್ಟರ್ ಅವರು, ಟಗರಿಗೆ ಈಜು ಬರುತ್ತದೆಯೇ, ಓದು ಬರಹ ಬರುತ್ತದೆಯೇ ಎಂದು ಕೇಳಿಸಿದರು. ಎಲ್ಲಕ್ಕೂ ಕಾಯಿ ನಿಂತಿತು. ಪ್ರಶ್ನೆಯನ್ನೇ ಕೇಳದೆ ಸುಮ್ಮನಿದ್ದಾಗಲೂ ನಿಂತಿತು. ಆಗ ಹನುಮಂತ್ರಾಯ ಅವರು ತಲೆ ಕೆರೆದುಕೊಂಡು, “ಟಗರಿಂದೇನೂ ತಪ್ಪಿಲ್ರೀ ಸಾಹೇಬ್ರ. ಇಲ್ಲಿ ಕೆಳಗ ನೀರು ಅದ” ಎಂದರು. ಎರಡು ಅಡಿ ಅಗೆದಾಗ ಒಡೆದ ಪೈಪು ಸಿಕ್ಕಿತು. ಹದಿನೆಂಟು ದಿನಗಳಿಂದ ಆ ಓಣಿಯ ನಲ್ಲಿಗಳಿಗೆ ಬಾರದೆ, ಯಾವ ಇಲಾಖೆಗೂ ಪತ್ತೆಯಾಗದ ನೀರು ಅಲ್ಲಿ ಹರಿಯುತ್ತಿತ್ತು. ತಂಪು ನೆಲ ಹುಡುಕಿ ಮಲಗಿದ ದೊರಿಗೆ ಮಾತ್ರ ಅದು ಗೊತ್ತಿತ್ತು.

8. ಆದಕಾರಣ ಸದರಿ ಜಾಗದಲ್ಲಿ ಪಡೆದ ಎಲ್ಲ ಒಪ್ಪಿಗೆಗಳನ್ನು ರದ್ದುಪಡಿಸಲಾಗಿದೆ. ಅಂದು ನೆಲ ಅಗೆಯುವ ಮುನ್ನ ಅಲ್ಲಿಯೇ ಚುಚ್ಚುಮದ್ದಿಗೆ ಸಂತೋಷದಿಂದ ಒಪ್ಪಿದ್ದವೆಂದು ಬರೆಯಲಾದ ಹದಿಮೂರು ನಾಯಿಗಳ ಹೇಳಿಕೆಗಳೂ ಇದರಲ್ಲಿ ಸೇರಿವೆ. ಅವುಗಳನ್ನು ನಂಬಿ ಕಚ್ಚಿಸಿಕೊಂಡ ಸಿಬ್ಬಂದಿಗೆ ಶಾಖೆಯ ಸಹಾನುಭೂತಿ ಇದೆ.

9. ದೊರಿಯನ್ನು ಪೈಪು ಪತ್ತೆಯ ಕಡತದಲ್ಲಿ ಮುಖ್ಯ ಸಾಕ್ಷಿಯೆಂದು ದಾಖಲಿಸಲಾಗಿದೆ. ಕಡತ ವಿಲೇವಾರಿಯಾಗುವವರೆಗೆ ಸಾಕ್ಷಿಯು ಯಂಕಮ್ಮ ಅವರ ಸುಪರ್ದಿಯಲ್ಲಿ, ನಾಲ್ಕು ಕಾಲುಗಳ ಮೇಲೆ ಇರತಕ್ಕದ್ದು. ಮಹಜರಿಗೆ ಕರೆದಾಗ ಸಾರಿನ ರೂಪದಲ್ಲಿ ಹಾಜರುಪಡಿಸಿದರೆ ಸ್ವೀಕರಿಸಲಾಗುವುದಿಲ್ಲ. ಇಲ್ಲಿ ಕಡತಗಳು ಸಾಗುವ ವೇಗವನ್ನು ಬಲ್ಲ ಇನ್‌ಸ್ಪೆಕ್ಟರ್ ಕನಕರಾಜ ಅವರು, “ಯವ್ವಾ, ನಿನ್ನ ದೊರಿ ಇನ್ನ ಮುದುಕಾಗೇ ಸಾಯೋದು, ಹೋಗು” ಎಂದು ಅರ್ಜಿದಾರರಿಗೆ ಹೇಳಿರುವುದು ಶಿಸ್ತಿನ ಉಲ್ಲಂಘನೆಯಾಗಿದೆ. ಆದರೆ ಹೇಳಿದ್ದರಲ್ಲಿ ತಪ್ಪೇನೂ ಕಂಡುಬಂದಿಲ್ಲ.

(ಸಹಿ)
ಅನಸೂಯಾಬಾಯಿ
ಪ್ರಭಾರ ಅಧೀಕ್ಷಕರು
(ಬೀಗರ ಊಟಕ್ಕೆ ಇವರಿಗೂ ಆಮಂತ್ರಣವಿದ್ದು, ಇವರು ಹೋಳಿಗೆ ಮಾತ್ರ ತಿನ್ನುವವರಾದ್ದರಿಂದ ಈ ಆದೇಶದಲ್ಲಿ ಪಕ್ಷಪಾತವಿಲ್ಲ.)

ಪ್ರತಿಗಳು:
1. ನೀರು ಸರಬರಾಜಿನವರಿಗೆ, ಇನ್ನಾದರೂ ಗುಂಡಿ ಮುಚ್ಚಲು.
2. ಕುರ್ಡಿಯ ಬೀಗರಿಗೆ, 18ರಂದು ಬೇಳೆ ಹೋಳಿಗೆಗೆ ಮನಸ್ಸನ್ನು ಸಿದ್ಧಪಡಿಸಿಕೊಳ್ಳಲು.
3. ನಿಂಗರಾಜ ಅವರಿಗೆ, ತಾಯಿ ಕರೆದಾಗ ತಿರುಗಿ ನೋಡುವ ಬಗ್ಗೆ ಸೂಕ್ತ ಕ್ರಮಕ್ಕಾಗಿ.
4. ಕಚೇರಿ ಕಡತಕ್ಕೆ, ಅವಸರ ಮಾಡದಿರಲು.
5. ಯಂಕಮ್ಮ ಅವರಿಗೆ, ಸೊಸೆ ಮಲ್ಲೇಶ್ವರಿ ಅವರ ಮುಖಾಂತರ. ಅರ್ಜಿದಾರರಿಗೆ ಓದು ಬಾರದ ಕಾರಣ, 9ನೇ ಕಲಮನ್ನು ಅವರು ಎಷ್ಟು ಸಲ ಕೇಳಿದರೂ ಬೇಸರಿಸದೆ ಓದಿ ಹೇಳತಕ್ಕದ್ದು.