ಕಟುಸತ್ಯನ ಓದುಗರು

ಹಲ್ಲುಜ್ಜುವಾಗ ಫೋನು ನೋಡಬೇಡಿ ಎಂದು ಹೆಂಡತಿ ಹಂಸಾ ಸಾವಿರ ಸಲ ಹೇಳಿದ್ದಳು. ದಕ್ಷಿಣಾಮೂರ್ತಿಯವರು ಆ ಮಂಗಳವಾರವೂ ನೋಡಿದರು. ನೋಡಿದವರೇ ಪೇಸ್ಟಿನ ನೊರೆಯನ್ನು ಗುಟುಕ್ಕನೆ ನುಂಗಿಬಿಟ್ಟರು.

"ಹಂಸಾ! ಸಾವಿರದ ಇನ್ನೂರ ಆರು!"

"ಏನ್ರೀ ಅದು, ಗ್ಯಾಸ್ ರೇಟಾ?"

"ಓದುಗರು ಕಣೇ! ನನ್ನ ಓದುಗರು!"

ಹಗಲೆಲ್ಲ ದೆಹಲಿಯ ಕೇಂದ್ರ ಸಚಿವಾಲಯವೊಂದರಲ್ಲಿ ಸೆಕ್ಷನ್ ಆಫೀಸರಾಗಿ ಕಡತಗಳ ಮೇಲೆ ವಿನಯದ ಇಂಗ್ಲಿಷ್ ಬರೆಯುವ ಮೂರ್ತಿಯವರು, ಭಾನುವಾರ ಬಂತೆಂದರೆ 'ಕಟುಸತ್ಯ'ನಾಗಿ ಕನ್ನಡದಲ್ಲಿ ಗುಡುಗುತ್ತಿದ್ದರು. ಬ್ಲಾಗಿನ ಹೆಸರು 'ಕುರ್ಚಿಯ ಕೆಳಗೆ'. ಆರು ವರ್ಷದಲ್ಲಿ ಸರ್ಕಾರವನ್ನೂ ವಿರೋಧ ಪಕ್ಷವನ್ನೂ ಸಮನಾಗಿ ಚಚ್ಚಿ ಮುನ್ನೂರು ಲೇಖನ ಬರೆದಿದ್ದರು. ಬ್ಲಾಗಿನ ಮೂಲೆಯಲ್ಲೊಂದು ಎಣಿಕೆ ಪೆಟ್ಟಿಗೆ. ಅದರಲ್ಲಿ ದಿನಕ್ಕೆ ಹನ್ನೊಂದು ಎಂದು ಬರುತ್ತಿತ್ತು. ಒಂದು ಸಲ ಹದಿನಾಲ್ಕಾದಾಗ ಮನೆಗೆ ಜಿಲೇಬಿ ತಂದಿದ್ದರು.

"ಎಲ್ಲರೂ ದೆಹಲಿಯವರೇ ಅಂತ ತೋರಿಸ್ತಿದೆಯಲ್ಲ. ಬೆಂಗಳೂರಿನವರು ಒಬ್ಬರೂ ಇಲ್ವಾ?" ಹಂಸಾ ಫೋನಿಗೆ ಇಣುಕಿದಳು.

"ರಾಜಕೀಯದ ಬರಹ ರಾಜಧಾನೀಲಿ ತಾನೇ ನಾಟಬೇಕು!"

ಸ್ಕೂಲಿಗೆ ಹೊರಟಿದ್ದ ಮಗಳು ಧಾರಿಣಿ ಶೂ ಲೇಸು ಕಟ್ಟುತ್ತ, "ವಾಹ್ ಅಪ್ಪಾ, ಆಪ್ ತೋ ವೈರಲ್ ಹೋ ಗಯೇ!" ಎಂದಳು. ಆ ಮಾತಿಗೆ ಮೂರ್ತಿಯವರು ಟವೆಲನ್ನು ತಲೆಗೆ ಪೇಟದಂತೆ ಸುತ್ತಿಕೊಂಡು ಬಾಲ್ಕನಿಗೆ ಹೋಗಿ ನಿಂತರು. ಕೆಳಗಿರುವ ಕಿದ್ವಾಯಿ ನಗರವೆಲ್ಲ ತಮ್ಮ ಭಾಷಣಕ್ಕೇ ಕಾದಿರುವಂತೆ ಕಂಡಿತು.

ಪಕ್ಕದ ಬಾಲ್ಕನಿಯಲ್ಲಿ ಬಟ್ಟೆ ಒಣಗಿಸುತ್ತಿದ್ದ ಲೀಲಮ್ಮ, "ಏನ್ ಮೂರ್ತಿ, ಪ್ರಮೋಷನ್ನಾ?" ಎಂದು ಕೇಳಿದರು.

ಲೀಲಮ್ಮನಿಗೆ ಹೇಳುವುದೂ ಒಂದೇ, ಆಕಾಶವಾಣಿಗೆ ಹೇಳುವುದೂ ಒಂದೇ. ಅದು ಗೊತ್ತಿದ್ದೂ ಮೂರ್ತಿಯವರ ಬಾಯಿ ಹಾಲು ಉಕ್ಕಿದಂತೆ ಉಕ್ಕಿತು. ಕಟುಸತ್ಯ ತಾನೇ, ಬ್ಲಾಗು ಇಂಥದು, ಓದುಗರು ಇಷ್ಟು ಎಂದು ಎಲ್ಲವನ್ನೂ ಹೇಳಿ, ಕೊನೆಗೆ, "ಯಾರಿಗೂ ಹೇಳ್ಬೇಡಿ ಲೀಲಮ್ಮ, ಗುಟ್ಟು" ಎಂದರು.

"ಅಯ್ಯೋ, ನಾನ್ಯಾಕೆ ಹೇಳ್ಲಪ್ಪ" ಎಂದ ಲೀಲಮ್ಮ, ಬಕೆಟ್ಟನ್ನು ಅಲ್ಲೇ ಬಿಟ್ಟು ಒಳಗೆ ಓಡಿದರು.

ಮೂರ್ತಿಯವರು ಕೆಳಗಿಳಿಯುವಷ್ಟರಲ್ಲಿ ಗೇಟಿನ ಕಾವಲುಗಾರ ಎದ್ದು ನಿಂತು, "ನಮಸ್ತೇ ಲೇಖಕ್ ಸಾಬ್!" ಎಂದು ಸೆಲ್ಯೂಟ್ ಹೊಡೆದ. ಆಟೋದಲ್ಲಿ ಕೂತು ನೋಡಿದರೆ ಸಾವಿರದ ಏಳುನೂರು. ಸಿಗ್ನಲ್ಲಿನಲ್ಲಿ ನಿಂತಾಗ ಸಾವಿರದ ಒಂಬೈನೂರು. "ಭಯ್ಯಾ, ನಿಧಾನವಾಗಿಯೇ ಹೋಗು" ಎಂದರು ಮೂರ್ತಿಯವರು. ಆಟೋದವನು ಹದಿನೈದು ವರ್ಷದಲ್ಲಿ ಇಂಥ ಮಾತು ಕೇಳಿರಲಿಲ್ಲ, ತಿರುಗಿ ತಿರುಗಿ ನೋಡಿದ.

ಆಫೀಸಿನಲ್ಲಿ ಕುರ್ಚಿಗೆ ಒರಗುವ ಮೊದಲೇ ಪಕ್ಕದ ಸೆಕ್ಷನ್ನಿನ ಶ್ರೀವತ್ಸ ಬಂದ. ಕರ್ನಾಟಕದ ಹುಡುಗ. ನಿಯಮಗಳ ಪುಸ್ತಕವನ್ನು ಬಾಯಿಪಾಠ ಮಾಡಿದವನು.

"ಸಾರ್, ನೀವೇ ಕಟುಸತ್ಯ ಅಂತೆ! ಲೀಲಮ್ಮ ಆಂಟಿ ನಮ್ಮ ದೆಹಲಿ ಕನ್ನಡಿಗರ ಗ್ರೂಪಿಗೆ ಹಾಕಿದಾರೆ. ನಲವತ್ಮೂರು ಜನ ಹೆಬ್ಬೆರಳು ತೋರಿಸಿದಾರೆ!"

"ಹೌದಾ! ನೀನು ಓದಿದೆಯಾ? ಹೇಗಿದೆ?"

"ನಾಲ್ಕು ಗ್ರೂಪಿಗೆ ಫಾರ್ವರ್ಡ್ ಮಾಡ್ದೆ ಸಾರ್. ಓದೋಕೆ ಟೈಮೆಲ್ಲಿ?" ಎಂದ ಶ್ರೀವತ್ಸ ದನಿ ತಗ್ಗಿಸಿದ. "ಆದ್ರೆ ಸಾರ್, ಸರ್ಕಾರಿ ನೌಕರರು ಸರ್ಕಾರವನ್ನ ಟೀಕೆ ಮಾಡಿ ಬರೆಯೋ ಹಾಗಿಲ್ವಲ್ಲ. ನಡತೆ ನಿಯಮ. ಸಸ್ಪೆನ್ಷನ್ನೂ ಆಗ್ಬಹುದು. ಆಮೇಲೆ ಕ್ವಾರ್ಟರ್ಸು..."

ಕ್ವಾರ್ಟರ್ಸು ಎಂಬ ಮಾತು ಕಿವಿಗೆ ಬಿದ್ದದ್ದೇ ಮೂರ್ತಿಯವರ ಸಂಭ್ರಮ ಸೂಜಿ ಚುಚ್ಚಿದ ಬಲೂನಿನಂತೆ ಪುಸ್ಸೆಂದಿತು. ದೆಹಲಿಯವರೇ ಯಾಕೆ ಓದುತ್ತಿದ್ದಾರೆ? ಸಾವಿರಾರು ಜನ ಒಂದೇ ಬೆಳಿಗ್ಗೆ ಯಾಕೆ? ಬ್ಲಾಗನ್ನೇ ಅಳಿಸಿಬಿಡೋಣವೆಂದು ಗುಂಡಿ ಒತ್ತಿದರು. ಪಾಸ್‌ವರ್ಡ್ ಕೇಳಿತು. ಮಗಳ ಹೆಸರು ಹಾಕಿದರು, ತಪ್ಪು. ಹೆಂಡತಿಯ ಹೆಸರು, ತಪ್ಪು. ಕೊನೆಗೆ ಮನೆದೇವರ ಹೆಸರು ಹಾಕಿದರು. 'ಇಪ್ಪತ್ನಾಲ್ಕು ಗಂಟೆ ಬಿಟ್ಟು ಪ್ರಯತ್ನಿಸಿ' ಎಂದು ಬಂತು. ಅದರ ಕೆಳಗೇ ಎಣಿಕೆ ಪೆಟ್ಟಿಗೆ ಎರಡು ಸಾವಿರದ ಮುನ್ನೂರು ದಾಟಿ ಓಡುತ್ತಿತ್ತು. ಬದುಕಿನಲ್ಲಿ ಮೊದಲ ಸಲ ಮೂರ್ತಿಯವರು, "ನಿಲ್ಲಿಸ್ರಪ್ಪಾ, ಓದ್ಬೇಡಿ!" ಎಂದು ಓದುಗರನ್ನು ಬೇಡಿಕೊಂಡರು.

ಅಷ್ಟರಲ್ಲಿ ಮೇಲಿನಿಂದ ಕರೆ ಹೊತ್ತು ಪ್ಯೂನ್ ಬಂದ. "ಮಾಥುರ್ ಮೇಡಂ ಬುಲಾ ರಹೀ ಹೈಂ. ಅಭೀ."

ನಿರ್ದೇಶಕಿ ಮಾಥುರ್ ಮೇಡಂ ಕೋಣೆಯಲ್ಲಿ ಕಂಪ್ಯೂಟರ್ ವಿಭಾಗದ ಹುಡುಗಿ ಕೃತಿಯೂ ಇದ್ದಳು. ಮೇಜಿನ ಮೇಲೆ ದಪ್ಪನೆಯ ಕಡತ. ಮೂರ್ತಿಯವರು ಕುರ್ಚಿಯ ತುದಿಯಲ್ಲಿ ಕೂತರು. ತಪ್ಪೊಪ್ಪಿಕೊಂಡು ಕಾಲಿಗೆ ಬೀಳುವುದೋ, ಮೊದಲು ಬಿದ್ದು ಆಮೇಲೆ ಒಪ್ಪಿಕೊಳ್ಳುವುದೋ ಎಂದು ಯೋಚಿಸುತ್ತಿದ್ದಾಗ ಮೇಡಂ ಹಿಂದಿಯಲ್ಲಿ ಕೇಳಿದರು:

"ಮೂರ್ತೀಜೀ, ನಿಮಗೆ ಕನ್ನಡ ಬರುತ್ತಲ್ಲ?"

"ಸ್ವ... ಸ್ವಲ್ಪ."

"ಸಾಕು. ಯಾರೋ ಕಟುಸತ್ಯ ಅಂತೆ, ನಮ್ಮ ವಿರುದ್ಧ ಬರೀತಾನೆ ಅಂತ ದೂರು ಬಂದಿದೆ. ನಿನ್ನೆ ರಾತ್ರಿಯಿಂದ ಕೃತಿ ಯಂತ್ರಕ್ಕೆ ಹಾಕಿ ಎಲ್ಲಾ ಇಂಗ್ಲಿಷಿಗೆ ಮಾಡಿಸ್ತಿದಾಳೆ. ಒಂದಕ್ಷರ ಅರ್ಥ ಆಗಲ್ಲ. ಇಲ್ಲಿ ನೋಡಿ, ಸರ್ಕಾರ ಪ್ರಜೆಗಳ ಕಿವಿಗೆ ಹೂವಿಡುತ್ತಿದೆ ಅಂತಿದೆ. ಯಾವ ಸ್ಕೀಮು ಇದು? ತೋಟಗಾರಿಕೆ ನಮ್ಮ ವ್ಯಾಪ್ತಿಗೆ ಬರೋದೇ ಇಲ್ಲ!"

ಮೂರ್ತಿಯವರಿಗೆ ಹೋದ ಜೀವ ಬಂತು. "ಅದು... ಗೌರವ, ಮೇಡಂ. ನಮ್ಮ ಕಡೆ ಹೂವು ಅಂದ್ರೆ ಗೌರವ."

"ಅಚ್ಛಾ! ಮತ್ತೆ ಮಂತ್ರಿಗಳಿಗೆ ಮಂಗಳಾರತಿ ಆಯಿತು ಅಂತ?"

"ಭಕ್ತಿ, ಮೇಡಂ."

"ಹಾಗಾದ್ರೆ ಒಳ್ಳೆಯವನೇ. ಇರಲಿ, ಇದನ್ನ ಎಷ್ಟು ಜನ ಓದ್ತಾರೆ? ತುಂಬಾ ಜನ ಓದೋದಾದ್ರೆ ಕಡತ ಮೇಲೆ ಕಳಿಸ್ಲೇಬೇಕು."

ಇಲ್ಲಿ ಬಾಯಿ ಮುಚ್ಚಿಕೊಂಡಿದ್ದರೆ ಮುಗಿಯುತ್ತಿತ್ತು. ಆದರೆ ಆರು ವರ್ಷದ ಹಸಿವು ಸುಮ್ಮನಿರಲು ಬಿಡಲಿಲ್ಲ. "ಎರಡು ಸಾವಿರದ ಮುನ್ನೂರು, ಮೇಡಂ!" ಎಂದುಬಿಟ್ಟರು.

ಕೃತಿ ನಕ್ಕಳು. "ಅದು ನಮ್ಮ ಯಂತ್ರ ಸಾರ್. ಮುನ್ನೂರು ಲೇಖನ, ಒಂದೊಂದನ್ನೂ ಏಳೆಂಟು ಸಲ ತೆರೆದಿದೆ. ಅದನ್ನ ಬಿಟ್ರೆ ದಿನಕ್ಕೆ ಹನ್ನೊಂದು. ಪೆಟ್ಟಿಗೆ ಒತ್ತಿದ್ರೆ ಯಾವ ಫೋನಿಂದ ಅಂತಾನೂ ತೋರ್ಸುತ್ತೆ. ಹನ್ನೊಂದೂ ಒಂದೇ ಫೋನು. ತೀರಾ ಹಳೇ ಮಾಡೆಲ್ಲು. ಪಾಪ, ಬರೆಯೋನೇ ಗಂಟೆಗೊಂದು ಸಲ ತೆಗೆದು ನೋಡ್ಕೋತಾನೆ ಅನ್ಸುತ್ತೆ."

ಮೂರ್ತಿಯವರು ಕೈಯಲ್ಲಿದ್ದ ಫೋನನ್ನು ಮೆಲ್ಲಗೆ ತೊಡೆಯ ಕೆಳಗೆ ತಳ್ಳಿ ಅದರ ಮೇಲೆ ಕೂತರು. ಹೆಬ್ಬೆರಳು ತೋರಿಸಿದ ಆ ನಲವತ್ಮೂರು ಜನ? ಒಬ್ಬನೂ ತೆರೆದಿರಲಿಲ್ಲ! ಲೀಲಮ್ಮ ಕೂಡ!

ಮೇಡಂ ಹೊಟ್ಟೆ ತುಂಬ ನಕ್ಕು, ಬಿಳಿ ಹಾಳೆಯೊಂದನ್ನು ಮುಂದಿಟ್ಟರು. "ಕನ್ನಡ ಬಲ್ಲ ಅಧಿಕಾರಿ ಅಂತ ನೀವೇ ಬರೆದುಕೊಡಿ. ಈ ಬ್ಲಾಗನ್ನು ಯಾರೂ ಓದುವುದಿಲ್ಲ. ಇದರಿಂದ ಯಾರ ಮೇಲೂ ಯಾವ ಪರಿಣಾಮವೂ ಆಗುವ ಸಂಭವ ಇಲ್ಲ. ಕಡತ ಮುಚ್ಚಿಬಿಡೋಣ."

ನೌಕರಿ ಉಳಿಯಬೇಕಿತ್ತು. ಮೂರ್ತಿಯವರು ಬರೆದರು. 'ಯಾರೂ' ಎಂಬಲ್ಲಿ ಪೆನ್ನು ಎರಡು ಸಲ ನಿಂತಿತು. ಸಹಿ ಹಾಕಿ, ಮೊಹರು ಒತ್ತಿ, ಬದುಕಿದೆಯಾ ಬಡಜೀವವೇ ಎಂದು ಬಾಗಿಲವರೆಗೆ ಹೋಗಿದ್ದರು.

"ಮೂರ್ತೀಜೀ, ಇನ್ನೊಂದು ಮಾತು. ಇವತ್ತು ಓದುಗರಿಲ್ಲ, ನಾಳೆ ಬರಬಹುದು. ಇನ್ನು ಮುಂದೆ ಅವನು ಬರೆದದ್ದನ್ನೆಲ್ಲ ನೀವೇ ಓದಿ, ಪ್ರತಿ ಸೋಮವಾರ ಇಂಗ್ಲಿಷಿಗೆ ಮಾಡಿ ಕೊಡಿ. ಆದೇಶ ಸಂಜೆಯೊಳಗೆ ಬರುತ್ತೆ."

"ಅವನು ಬರೆಯೋದೇ ನಿಲ್ಲಿಸಿಬಿಟ್ರೆ, ಮೇಡಂ?" ಮೂರ್ತಿಯವರು ಆಸೆಯಿಂದ ಕೇಳಿದರು.

"ನಿಲ್ಲಿಸಿದ್ರೆ ಒಳಗಿನವರೇ ಯಾರೋ ಸುಳಿವು ಕೊಟ್ಟಿದಾರೆ ಅಂತ ಅರ್ಥ. ಆಗ ಬಿಡೋದಿಲ್ಲ, ಹುಡುಕಿಸ್ತೀನಿ."

ಸಂಜೆ ಬಾಗಿಲು ತೆಗೆದ ಹಂಸಾಳ ಮುಖ ಅರಳಿತ್ತು. ಹಿಂದೆ ಲೀಲಮ್ಮ ಹಾರ ಹಿಡಿದು ನಿಂತಿದ್ದರು.

"ಕೊನೆಗೆ ಎಷ್ಟಾಯ್ತು ರೀ, ಓದುಗರು?"

"ಒಬ್ಬ" ಎಂದರು ಮೂರ್ತಿಯವರು, ಸರ್ಕಾರಿ ಆದೇಶದ ಪ್ರತಿಯನ್ನು ಅವಳ ಕೈಗಿಟ್ಟು. "ಆದ್ರೆ ಖಾಯಂ."