ಪೇಪರಿನವನು ಕಂಡ ರೇಡಿಯೊ, ಟೀವಿ

ಮದ್ದೂರಿನಲ್ಲಿ ಪತ್ರಿಕೆಯೊಂದರ ತಾಲ್ಲೂಕು ವರದಿಗಾರನಾಗಿಯೇ ನನ್ನ ತಲೆಕೂದಲು ಬೆಳ್ಳಗಾಯಿತು. ನಮ್ಮ ಕಡೆ ಸುದ್ದಿಗೆ ಆಗಾಗ ಬರ ಬರುತ್ತದೆ. ಸುದ್ದಿ ಮಾಡುವವರ ಫಜೀತಿಗೆ ಮಾತ್ರ ಎಂದೂ ಬರ ಬಂದಿಲ್ಲ. ಪೇಪರು, ರೇಡಿಯೊ, ಟೀವಿ ಇವುಗಳಲ್ಲಿ ಯಾವುದು ಮೇಲು, ಚರ್ಚಾಸ್ಪರ್ಧೆಗೆ ಬರೆದುಕೊಡಿ ಎಂದು ಕಾಲೇಜಿನವರು ಬಂದರೆ ನಾನು ಬರೆದುಕೊಡುವುದಿಲ್ಲ. ಕೂರಿಸಿಕೊಂಡು ಇವನ್ನು ಹೇಳಿ ಕಳಿಸುತ್ತೇನೆ.

ಉಪಸ್ಥಿತರಿದ್ದರು

ಪೇಪರಿನಲ್ಲಿ ಜನ ಓದುವುದು ಸುದ್ದಿಯನ್ನಲ್ಲ, ಯಾರ್ಯಾರು ‘ಉಪಸ್ಥಿತರಿದ್ದರು’ ಎಂಬ ಕೊನೆಯ ಸಾಲನ್ನು. ಒಮ್ಮೆ ಚರಂಡಿ ಕೆಲಸದ ಗುದ್ದಲಿ ಪೂಜೆಯ ವರದಿ ಕಳಿಸಿದ್ದೆ. ಚರಂಡಿ ಎಲ್ಲಿಂದ ಎಲ್ಲಿಗೆ ಎಂಬುದನ್ನೇ ಮುಖ್ಯ ಕಚೇರಿಯವರು ಕತ್ತರಿಸಿದ್ದರು. ಯಾರೂ ಕೇಳಲಿಲ್ಲ. ಆದರೆ ಅದೇ ಕತ್ತರಿಗೆ ಪುರಸಭೆಯ ಒಬ್ಬ ಮಾಜಿ ಸದಸ್ಯರ ಹೆಸರೂ ಸಿಕ್ಕಿತ್ತು. ಅವರು ಬೆಳಿಗ್ಗೆಯೇ ಮನೆಗೆ ಬಂದು, ತಾವು ಗುದ್ದಲಿ ಹಿಡಿದ ಫೋಟೊ ತೋರಿಸಿ, ಇನ್ನು ನಿಮ್ಮ ಪೇಪರು ಮುಟ್ಟುವುದಿಲ್ಲವೆಂದು ಹೇಳಿ ಹೋದರು.

ಸಮಾಧಾನವಾಗಲಿ ಎಂದು ಮುಂದಿನ ವಾರ ಆರೋಗ್ಯ ಶಿಬಿರದ ವರದಿಯಲ್ಲಿ ಅವರ ಹೆಸರನ್ನೇ ಮೊದಲು ಹಾಕಿದೆ. ಬಂದಿದ್ದರೋ ಇಲ್ಲವೋ ನೋಡಲಿಲ್ಲ. ಮೈಕು ಇರುವ ಕಡೆ ಅವರು ತಪ್ಪಿಸಿಕೊಂಡದ್ದೇ ಇಲ್ಲ.

ಅಂದೇ ತಪ್ಪಿಸಿಕೊಂಡಿದ್ದರು. ಎದ್ದು ಕೂರಲೂ ಆಗದಷ್ಟು ಜ್ವರ ಎಂದು ಹೇಳಿ ಹೆಂಡತಿಯ ತಮ್ಮನ ಮಗುವಿನ ನಾಮಕರಣಕ್ಕೆ ಹೋಗದೆ ಮನೆಯಲ್ಲಿ ಮಲಗಿದ್ದರಂತೆ. ಬಸರಾಳಿನ ಮಾವನ ಮನೆಯವರು ಪೇಪರು ಓದಿಬಿಟ್ಟಿದ್ದರು. “ಇದ್ದಾಗ ಬುಡ್ತೀಯ, ಇಲ್ದಾಗ ಆಕ್ತೀಯ” ಎಂದು ಮಾಜಿ ಸದಸ್ಯರು ನನ್ನ ಮುಂದೆ ಕೂತರು. ತಿದ್ದುಪಡಿ ಹಾಕಲೇ ಎಂದು ಕೇಳಿದೆ.

“ಬ್ಯಾಡ ಬುಡು. ಯೆಂಡ್ರು ಒಸಿ ದಿನ ಮುನಿಸ್ಕಂಡು ಸುಮ್ನಾಯ್ತಳೆ. ಎಸ್ರು ಮೊದಲ್ನೇದಾಗಿ ಬಂದದೆ, ಇರ್ಲಿ.”

ಒಳ್ಳೆಯ ಮನುಷ್ಯ

ಕೊಪ್ಪದ ನನ್ನ ಭಾವ ಭತ್ತ ಚೆನ್ನಾಗಿ ಬೆಳೆಯುತ್ತಾನೆಂದು ರೇಡಿಯೊದವರು ಕೃಷಿ ಕಾರ್ಯಕ್ರಮಕ್ಕೆ ಕರೆದರು. ಭಾವ ಇಸ್ತ್ರಿ ಮಾಡಿದ ಬಿಳಿ ಶರ್ಟು ತೊಟ್ಟ. ರೇಡಿಯೊದಲ್ಲಿ ಶರ್ಟು ಕಾಣುವುದಿಲ್ಲವೆಂದು ಅಕ್ಕ ಹೇಳಿದರೂ ಕೇಳಲಿಲ್ಲ. ಅಲ್ಲಿ ಇವನು ‘ಪೈರು ಕಿತ್ತು ನಾಟಿ ಆಕ್ತೀವಿ’ ಎಂದು ಶುರು ಮಾಡಿದರೆ, ಹಾಗಲ್ಲ, ಹೀಗೆ ಓದಿ ಎಂದು ಬರೆದೇ ಕೊಟ್ಟರಂತೆ.

ಪ್ರಸಾರವಾಗುವ ದಿನ ಕೇರಿಯವರೆಲ್ಲ ಜಗಲಿಯಲ್ಲಿ ಸೇರಿದ್ದರು. “ಸಸಿಗಳನ್ನು ಸಮರ್ಪಕ ಅಂತರದಲ್ಲಿ ಸ್ಥಳಾಂತರಿಸತಕ್ಕದ್ದು” ಎಂದಿತು ಭಾವನ ಗಂಟಲು. ಹಾಗೆಂದರೆ ಏನು ಎಂದು ಪಕ್ಕದ ಗದ್ದೆಯವನು ಕೇಳಿದ. ಭಾವ ತನಗೂ ತಿಳಿಯಲಿಲ್ಲವೆಂದು ಒಪ್ಪಿಕೊಂಡ. ಕೊನೆಗೆ, ಇಷ್ಟು ಹೊತ್ತು ತಾಳ್ಮೆಯಿಂದ ಕೇಳಿದ್ದಕ್ಕೆ ತಮಗೆ ಅನಂತ ಧನ್ಯವಾದಗಳು ಎಂದು ರೇಡಿಯೊದೊಳಗಿನ ಭಾವ ಮೆಲ್ಲಗೆ ಹೇಳಿದ.

ಮದುವೆಯಾದಾಗಿನಿಂದ ಅವನ ಗದರಿಕೆಯನ್ನಷ್ಟೇ ಕೇಳಿದ್ದ ಅಕ್ಕ ರೇಡಿಯೊವನ್ನೇ ನೋಡುತ್ತಾ ಪಕ್ಕದ ಹೆಂಗಸಿಗೆ ಹೇಳಿದಳು: “ಈ ವಯ್ಯ ಯಾರೋ ಒಳ್ಳೇನು ಕಣಮ್ಮ. ನಮ್ಮಪ್ಪ ಇಂತೋನ್ನ ಉಡುಕ್ಬೇಕಾಗಿತ್ತು.”

ಚಿರತೆಯ ಮನಸ್ಥಿತಿ

ಶಿವಪುರದಾಚೆ ಕಬ್ಬಿನ ಗದ್ದೆಗೆ ಚಿರತೆ ನುಗ್ಗಿತೆಂದು ಗುಲ್ಲಾಯಿತು. ನಾನೂ, ಟೀವಿಯಲ್ಲಿರುವ ನನ್ನ ಸ್ನೇಹಿತನೂ ಹೋದೆವು. ಚಿರತೆ ಕಾಣಲಿಲ್ಲ. ನಾನು ‘ಚಿರತೆ ಶಂಕೆ’ ಎಂದು ನಾಲ್ಕು ಸಾಲು ಬರೆದುಕೊಂಡು ಬದುವಿನ ಮೇಲೆ ಕೂತೆ. ಸ್ನೇಹಿತನಿಗೆ ಆ ಭಾಗ್ಯವಿಲ್ಲ; ಚಿರತೆ ಬರುವ ತನಕ ಅವನು ಮಾತಾಡುತ್ತಲೇ ಇರಬೇಕು. ಅಲ್ಲಾಡಿದ ಪ್ರತಿ ಕಬ್ಬಿನ ಗರಿಯೂ ನೇರಪ್ರಸಾರವಾಯಿತು.

ಕೊನೆಗೆ ಹೇಳಲು ಏನೂ ಉಳಿಯದೆ, ಹುಲ್ಲು ಕುಯ್ಯಲು ಬಂದಿದ್ದ ಅಜ್ಜಿಯೊಬ್ಬಳನ್ನು ಪಕ್ಕಕ್ಕೆ ನಿಲ್ಲಿಸಿಕೊಂಡ. ಅಷ್ಟರಲ್ಲಿ ಬೆಂಗಳೂರಿನ ಸ್ಟುಡಿಯೊದಿಂದ ಪ್ರಶ್ನೆ ಬಂತು: ಚಿರತೆ ಈಗ ಏನು ಮಾಡುತ್ತಿದೆ, ಅದರ ಮನಸ್ಥಿತಿ ಹೇಗಿದೆ? ಸ್ನೇಹಿತ ಬೆವರು ಒರೆಸಿಕೊಂಡು, ಅದೇ ಪ್ರಶ್ನೆಯನ್ನು ಅಜ್ಜಿಯ ಬಾಯಿಗೆ ಹಿಡಿದ.

ಅಜ್ಜಿ ಅವನನ್ನೂ ಕ್ಯಾಮೆರಾವನ್ನೂ ಒಮ್ಮೆ ನೋಡಿದಳು. “ಆ ಡಬ್ಬ ಎತ್ಕಂಡು ನೀನೇ ಒಳಿಕ್ಕೋಗಿ ಕೇಳ್ಕಂಡ್ ಬಾ ಮಗ. ನಾವೂ ಒಸಿ ನೆಮ್ದಿಯಾಗ್ ಉಲ್ ಕುಯ್ಕತೀವಿ.”

ರಾಜ್ಯವೆಲ್ಲ ನೋಡಿತು.

ಎತ್ತಂಗಡಿ

ಪಕ್ಕದ ಮಳವಳ್ಳಿಯ ಸುದ್ದಿಯೂ ನನ್ನ ಪಾಲಿನದೇ. ಅಲ್ಲಿ ಬಸ್ ನಿಲ್ದಾಣದ ಎದುರಿಗೆ ಟೀ ಅಂಗಡಿ ಇಟ್ಟಿರುವ ಭಾಯಿ ಒಬ್ಬರಿದ್ದಾರೆ. ಒಂದು ಮಧ್ಯಾಹ್ನ ನಾನೂ ಟೀವಿ ಸ್ನೇಹಿತನೂ ಅಲ್ಲಿ ಟೀ ಕುಡಿಯುತ್ತಿದ್ದಾಗ ಬಸ್ಸೊಂದು ಹಾರನ್ನು ಬಿಡದೆ ಬಾರಿಸಿತು. ಭಾಯಿ ರೇಗಿ, ಈ ಬಸ್‌ಸ್ಟ್ಯಾಂಡನ್ನೇ ಕಿತ್ತು ಊರಾಚೆ ಬಿಸಾಕ್ತಾರೆ, ನೋಡ್ತಿರಿ ಎಂದರು. ನಾನು ನಕ್ಕೆ. ಸ್ನೇಹಿತ ನಗಲಿಲ್ಲ, ಫೋನು ಹಿಡಿದು ಹೊರಗೆ ಹೋದ.

ಸಂಜೆ ಟೀವಿ ಪರದೆಯ ಕೆಳಗಡೆ ಅಕ್ಷರ ಓಡಿತು: ‘ಬಸ್ ನಿಲ್ದಾಣ ಎತ್ತಂಗಡಿ?’ ಪ್ರಶ್ನಾರ್ಥಕ ಚಿಹ್ನೆ ಇತ್ತು, ಪುಣ್ಯಕ್ಕೆ. ನಮ್ಮ ಕಚೇರಿಯಿಂದ ಫೋನು ಬಂತು: ಇಷ್ಟು ದೊಡ್ಡ ಸುದ್ದಿ ಬಿಟ್ಟು ಏನು ಮಾಡುತ್ತಿದ್ದೀರಿ? ಅದು ಟೀ ಅಂಗಡಿಯ ಮಾತು ಎಂದರೆ ಯಾರೂ ಕೇಳಲಿಲ್ಲ. ನನ್ನ ನಕಾರವನ್ನು ಪಕ್ಕಕ್ಕಿಟ್ಟು, ‘ಬಲ್ಲ ಮೂಲಗಳು ತಿಳಿಸಿವೆ’ ಎಂದು ಅವರೇ ಬರೆದು ಹಾಕಿದರು, ಪ್ರಶ್ನಾರ್ಥಕ ಚಿಹ್ನೆ ತೆಗೆದು. ಬೆಳಿಗ್ಗೆ ರೇಡಿಯೊ ನಮ್ಮ ಪೇಪರನ್ನು ಓದಿತು. ಅದನ್ನು ಕೇಳಿ ಟೀವಿ, ಸುದ್ದಿ ಖಚಿತವಾಯಿತು ಎಂದು ಸಾರಿತು.

ವ್ಯಾಪಾರಿಗಳು ಅಂಗಡಿ ಮುಚ್ಚಿ ರಸ್ತೆಯಲ್ಲಿ ಕೂತರು. ಸಾರಿಗೆ ಸಂಸ್ಥೆಯ ಅಧಿಕಾರಿ ಬಂದು, ಅಂಥ ಯೋಚನೆಯೇ ಇರಲಿಲ್ಲವೆಂದು ಎಷ್ಟು ಹೇಳಿದರೂ ಜನ ನಂಬಲಿಲ್ಲ. ಕೊನೆಗೆ ಸೋತು, ಸರಿ, ಕೈಬಿಟ್ಟಿದ್ದೇವೆ ಎಂದರು. ಪಟಾಕಿ ಸಿಡಿಯಿತು. ಇಲ್ಲದ ಯೋಜನೆ ರದ್ದಾದದ್ದು ತಮ್ಮ ವರದಿಯ ಫಲ ಎಂದು ಟೀವಿಯವರು ಹೇಳಿಕೊಂಡರು, ರೇಡಿಯೊದವರು ಹೇಳಿಕೊಂಡರು, ನಮ್ಮ ಪೇಪರು ಮುಖಪುಟದಲ್ಲೇ ಹೇಳಿಕೊಂಡಿತು.

ಹೋರಾಟದ ಮುಂದಾಳು ಯಾರೆಂದು ನೋಡಿದರೆ, ಕೊರಳ ತುಂಬ ಹಾರ ಹಾಕಿಕೊಂಡು ನಿಂತಿದ್ದವರು ಅದೇ ಟೀ ಅಂಗಡಿಯ ಭಾಯಿ. ಪಕ್ಕಕ್ಕೆ ಕರೆದು, ಇದು ನಿಮ್ಮ ಬಾಯಿಂದಲೇ ಬಂದ ಮಾತಲ್ಲವೇ ಎಂದು ಕೇಳಿದೆ. ಅವರು ನನ್ನನ್ನು ಕನಿಕರದಿಂದ ನೋಡಿದರು.

“ನಾನೇನೋ ರೇಗ್ಕಂಡು ಸುಳ್ಳೇ ಅಂದಿದ್ದೆ ಕಣಣ್ಣ. ಆದ್ರೆ ಆಮ್ಯಾಕೆ ಟೀವೀಲಿ ಬಂತು, ಪೇಪರ್ನಲ್ಲಿ ಬಂತು, ರೇಡಿಯೋಲೂ ಬಂತು. ನಾನೊಬ್ಬ ಅಂದಿದ್ ಸುಳ್ಳು ಅಂತ ಮೂರೂ ಸುಳ್ಳಾಯ್ತವಾ?”