ಮೂರನೇ ತೂತಿನ ಪಿನ್ನು

ದೋಣಿ ಮೂಗು ಎತ್ತಿದ್ದೇ ಎಲ್ಲಕ್ಕೂ ಮೂಲ. ವಾಚು ರಿಪೇರಿಯವರು ಹಿಂದೆ ಕೂತು ಮೋಟಾರು ಜೋರು ಮಾಡಿದರೆ ಸಾಕು, ಮುಂಭಾಗ ಮೇಲೆದ್ದು ಎದುರಿನ ನೀರೇ ಮರೆಯಾಗುತ್ತಿತ್ತು. ಹೋದ ವಾರ ಹಾಗೇ ಹೋಗಿ ಯಾರದೋ ಬಲೆಯೊಳಗೆ ನುಗ್ಗಿ, ಮೀನುಗಳ ಜೊತೆ ಎರಡು ಗಂಟೆ ಸೆರೆಯಲ್ಲಿದ್ದರು. ಸುದ್ದಿ ಮುಟ್ಟಿದ್ದೇ ತಡ, ಮಗಳು ಬಸ್ಸು ಹತ್ತಿ ಬಂದಳು.

"ಅಪ್ಪಾ, ಸಂಜೆ ನಾಲ್ಕಕ್ಕೆ ದಡದಲ್ಲಿ ನಿಂತು ನೋಡ್ತೀನಿ. ದೋಣಿ ಮಟ್ಟಸವಾಗಿ ಓಡಿದ್ರೆ ಇಟ್ಕೊ. ಇಲ್ಲಾಂದ್ರೆ ಅದನ್ನ ಯಾರಿಗಾದ್ರೂ ಕೊಟ್ಟು ನನ್ನ ಜೊತೆ ಹೊರಡು."

ಹೆಂಡತಿ ತೀರಿಕೊಂಡು ಐದು ತಿಂಗಳಾಗಿತ್ತು. ಮನೆಯೊಳಗೆ ಅವರಿಗೆ ಉಸಿರು ಕಟ್ಟುತ್ತಿತ್ತು, ನೀರಿನ ಮೇಲೆ ಮಾತ್ರ ಜೀವ ಹಗುರಾಗುತ್ತಿತ್ತು. ದೋಣಿಯೂ ಹೋದರೆ ಉಳಿಯುವುದೇನು?

ಪಕ್ಕದ ಮನೆಯ ನಿವೃತ್ತ ಗಣಿತ ಮೇಷ್ಟ್ರು ಕರೆಯದೆಯೇ ಬಂದರು. "ತಪ್ಪೆಲ್ಲ ಪ್ರೊಪೆಲರಿಂದು ಕಣ್ರೀ. ಅದರ ಎಲೆ ಇನ್ನೂ ಓರೆ ಇರ್ಬೇಕು. ಒಂದು ಸುತ್ತು ತಿರುಗಿದ್ರೆ ಜಾಸ್ತಿ ದೂರ, ಸಿಂಪಲ್ ಲೆಕ್ಕ!"

ಎಲ್ಲಿಂದಲೋ ಅಂಥದ್ದೊಂದನ್ನು ತಂದು ಹಾಕಿಸಿದರು. ಮೋಟಾರು ಗೂರಲು ಹಿಡಿದವರಂತೆ ಏದುಸಿರು ಬಿಟ್ಟಿತು, ದೋಣಿ ಹಿಂದಕ್ಕೆ ಕುಸಿದು ಕೂತಿತು. ಎಲೆ ಓರೆ ಕಡಿಮೆ ಇರುವ ಇನ್ನೊಂದನ್ನು ಹಾಕಿದ್ದಾಯಿತು. ಈಗ ಮೋಟಾರು ಊರೆಲ್ಲ ಕೇಳುವಂತೆ ಕಿರುಚಿತೇ ಹೊರತು ದೋಣಿ ಮುಂದೆ ಹೋಗಲೊಲ್ಲದು. ಒಂದು ಬಾತುಕೋಳಿ ಆರಾಮಾಗಿ ಹಿಂದಿಕ್ಕಿ ಹೋಯಿತು.

"ಲೆಕ್ಕ ಸರಿಯಾಗೇ ಇದೆ. ನೀರಲ್ಲೇ ಏನೋ ದೋಷ," ಎಂದರು ಮೇಷ್ಟ್ರು.

ಮೂರು ಗಂಟೆಗೆ ಮೆಕ್ಯಾನಿಕ್ ಬಂದ. ಹಳೇ ಪ್ರೊಪೆಲರನ್ನೇ ಹಾಕಿ, ಮೋಟಾರನ್ನು ಓರೆಯಾಗಿ ಹಿಡಿದಿಡುವ ಪಿನ್ನನ್ನು ಬಗ್ಗಿ ನೋಡಿದ.

"ಯಜಮಾನ್ರೇ, ಪಿನ್ನು ಮೂರನೇ ತೂತಲ್ಲಿದೆ. ಮುಂದೆ ಇನ್ನೊಬ್ರು ಕೂತಾಗ ಇದು ಸರಿ. ಈಗ ನೀವೊಬ್ರೇ ಅಲ್ವಾ? ಎರಡನೇದಕ್ಕೆ ಹಾಕಿದ್ರೆ ಆಯ್ತು."

ಅರ್ಧ ನಿಮಿಷದ ಕೆಲಸ. ದೋಣಿ ಹಾಸಿದ ಚಾಪೆಯಂತೆ ನೀರಿಗೆ ಅಂಟಿಕೊಂಡು ಓಡಿತು. ಮೇಷ್ಟ್ರು ತಮ್ಮ ಲೆಕ್ಕಕ್ಕೆ ತಾವೇ ಶಭಾಸ್ ಹೇಳಿಕೊಂಡು ಮೆಕ್ಯಾನಿಕ್‌ನನ್ನು ಚಹಾಕ್ಕೆ ಕರೆದೊಯ್ದರು.

ವಾಚು ರಿಪೇರಿಯವರು ಮಾತ್ರ ಪಿನ್ನನ್ನೇ ನೋಡುತ್ತ ನಿಂತರು. ಎರಡನೇ ತೂತು ಎಂದರೆ ಒಂಟಿ ಮನುಷ್ಯನ ತೂತು. ಅದು ಅವರಿಗೆ ಸಹಿಸಲಾಗಲಿಲ್ಲ. ಪಿನ್ನು ಕಿತ್ತು ಮತ್ತೆ ಮೂರನೇದಕ್ಕೇ ಹಾಕಿದರು. ಮುಂದಿನ ಹಲಗೆಯ ಮೇಲೆ ಗೋಣಿಚೀಲ ನಿಲ್ಲಿಸಿ, ಬಕೆಟ್ಟಿನಲ್ಲಿ ತೂಗಿ ತೂಗಿ ಮರಳು ತುಂಬಿದರು. ಐವತ್ತೆಂಟು ಕಿಲೋ. ಆಸ್ಪತ್ರೆಯ ಚೀಟಿಯಲ್ಲಿದ್ದ ತೂಕವಲ್ಲ, ಹೆಂಡತಿ ಚೆನ್ನಾಗಿದ್ದಾಗಿನ ತೂಕ.

ನಾಲ್ಕು ಗಂಟೆಗೆ ದೋಣಿ ಒಂದಿಷ್ಟೂ ಮೂಗೆತ್ತದೆ ಓಡಿತು. ದಡದಲ್ಲಿ ಮಗಳ ಮುಖ ಅರಳಿತು. "ಪಾಪ, ಇಟ್ಕೊಳ್ಳಲಿ ಬಿಡಿ ಮೇಷ್ಟ್ರೇ. ಸುಮ್ನೆ ಹೆದರಿಬಿಟ್ಟಿದ್ದೆ."

ದಡ ಹತ್ತಿರವಾದಾಗ ಅವರು ಮೋಟಾರು ನಿಲ್ಲಿಸಿದರು. ಆದರೆ ಮೂವತ್ತು ವರ್ಷ ಆ ಸದ್ದಿನ ಮೇಲೆ ಕೂಗಿ ಮಾತಾಡಿದ ಗಂಟಲು, ಅದಕ್ಕೆ ಮೆಲ್ಲಗಾಗುವುದು ಗೊತ್ತಿರಲಿಲ್ಲ.

"ಹಲಗೆ ಗಟ್ಟಿಯಾಗಿ ಹಿಡ್ಕೊಳೇ! ದಡ ಕಂಡ ತಕ್ಷಣ ಎದ್ದು ನಿಲ್ಬೇಡ ಅಂತ ಎಷ್ಟು ಸಲ ಹೇಳ್ಬೇಕು ನಿಂಗೆ? ನೋಡಲ್ಲಿ, ಮಗಳು ಬಂದಿದ್ದಾಳೆ!"

ಮಗಳು ಮೊಣಕಾಲುದ್ದ ನೀರಿಗಿಳಿದು ಹಗ್ಗ ಹಿಡಿದಳು. ಚೀಲವನ್ನು ನೋಡಿದಳು, ಅಪ್ಪನನ್ನು ನೋಡಿದಳು. ಕಣ್ಣೀರು ಧಾರೆಯಾಯಿತು.

"ದೋಣಿ ಸರಿಯಾಗಿದೆ ಅಪ್ಪಾ. ತುಂಬಾ ಚೆನ್ನಾಗಿ ಓಡ್ತು," ಎಂದಳು. "ಅದನ್ನ ಮೆಕ್ಯಾನಿಕ್ಕಿಗೆ ಕೊಟ್ಬಿಡೋಣ. ನೀನು ಬಟ್ಟೆ ತುಂಬ್ಕೊ, ಆರು ಗಂಟೆಗೆ ಬಸ್ಸಿದೆ."

ಅವರು ಬಟ್ಟೆ ತುಂಬಿಕೊಂಡು ಹೊರಟರು. ಬಸ್ಸಿನಲ್ಲಿ ಮಗಳು ಕಿಟಕಿಯ ಕಡೆ ಕೂರಲು ಹೋದಾಗ ಮಾತ್ರ ಕೈ ಅಡ್ಡ ಹಿಡಿದು, "ಅಲ್ಲಿ ಬೇಡಮ್ಮ, ಆ ಜಾಗ ಇರ್ಲಿ," ಎಂದರು.